ನಾನೂರು ಹೆಜ್ಜೆ

ನಮ್ಮ ಆಫೀಸಿನ ಬಾಗಿಲಿನಿಂದ ಫೋಟೋನಿಕ್ಸ್ ಲ್ಯಾಬಿನ ಬಾಗಿಲಿಗೆ ನಾನೂರ ಹನ್ನೆರಡು ಹೆಜ್ಜೆ. ಲಿಫ್ಟ್ ಬಿಟ್ಟು ಎಣಿಸಿದ್ದು. ಹೆಜ್ಜೆ ಎಣಿಸುವಷ್ಟು ಪುರುಸೊತ್ತು ಎಲ್ಲಿತ್ತು ಅಂತ ಕೇಳಬೇಡಿ, ಆಗ ನಮ್ಮಲ್ಲಿ ಇದ್ದದ್ದೇ ಅದು. ವಿಶ್ವವಿದ್ಯಾಲಯದ ಕ್ಯಾಂಪಸ್ಸಿನೊಳಗಿನ ಟೆಕ್ ಪಾರ್ಕಿನಲ್ಲಿ ಜಾಗ ಸಿಕ್ಕಿತ್ತು, ಮೇಜು ಕುರ್ಚಿ ಬಂದಿದ್ದವು, ಕಿಟಕಿ ತೆರೆದರೆ ಎದುರಿಗೇ ಲ್ಯಾಬಿನ ಕಟ್ಟಡ. ಆದರೆ ಅದರೊಳಗೆ ಕಾಲಿಡಲು ಬೇಕಾದ ಒಪ್ಪಂದಕ್ಕೆ ಮಾತ್ರ ಸಹಿ ಬಿದ್ದಿರಲಿಲ್ಲ. ನಾನು ಐದು ನಿಮಿಷದಲ್ಲಿ ನಡೆಯುವ ದೂರವನ್ನು ದಾಟಲು ಕಾಗದಕ್ಕೆ ಏಳು ತಿಂಗಳು ಹಿಡಿಯಿತು.

ನಾವು ಇಬ್ಬರು ಸೇರಿ ನಡೆಸುವ ಸಣ್ಣ ಕಂಪನಿ ಇದು. ಮಾಡುವ ವಸ್ತು ಒಂದು ಸೆನ್ಸರ್. ತಿರುಗುವ ಯಂತ್ರಗಳ ಬೇರಿಂಗ್ ಹೌಸಿಂಗಿನಲ್ಲಿ ಬಿರುಕು ಶುರುವಾಗುವ ಮೊದಲೇ ಲೋಹ ಎಷ್ಟು ಹಿಗ್ಗಿತು, ಕುಗ್ಗಿತು ಅಂತ ಅಳೆಯುವುದು ಅದರ ಕೆಲಸ. ಅದರ ಜೀವ ಇರುವುದು ಫೈಬರ್ ಬ್ರ್ಯಾಗ್ ಗ್ರೇಟಿಂಗಿನಲ್ಲಿ. ಕೂದಲಿನಷ್ಟು ಸಣ್ಣ ಗಾಜಿನ ಎಳೆಯ ಒಳಗೆ, ಸುಮಾರು ಅರ್ಧ ಮೈಕ್ರಾನಿಗೆ ಒಂದರಂತೆ, ಬೆಳಕಿನಿಂದಲೇ ಗೆರೆ ಹಾಕುತ್ತಾರೆ. ಆ ಗೆರೆಗಳು ಒಂದೇ ಒಂದು ತರಂಗಾಂತರದ ಬೆಳಕನ್ನು ಕನ್ನಡಿಯ ಹಾಗೆ ವಾಪಸ್ ಕಳಿಸುತ್ತವೆ, ಉಳಿದದ್ದನ್ನು ಮುಂದೆ ಬಿಡುತ್ತವೆ. ಎಳೆಯನ್ನು ಒಂದಿಷ್ಟು ಎಳೆದರೆ ವಾಪಸ್ ಬರುವ ಬೆಳಕಿನ ತರಂಗಾಂತರ ಒಂದಿಷ್ಟು ಜರುಗುತ್ತದೆ. ನಮ್ಮ ಕಸುಬೆಲ್ಲ ಆ 'ಒಂದಿಷ್ಟು' ಎಷ್ಟು ಅಂತ ಹೇಳುವುದು.

ಗೆರೆ ಹಾಕುವುದಕ್ಕೆ 248 ನ್ಯಾನೋಮೀಟರಿನ ಅತಿನೇರಳೆ ಬೆಳಕು ಬಿಡುವ ಎಕ್ಸೈಮರ್ ಲೇಸರ್ ಬೇಕು. ಅದರ ಹೊಟ್ಟೆಯೊಳಗೆ ಇರುವುದು ಕ್ರಿಪ್ಟಾನ್ ಮತ್ತು ವಿಷಾನಿಲವಾದ ಫ್ಲೋರಿನ್. ಫ್ಲೋರಿನ್ ಸಿಲಿಂಡರ್ ಇಡುತ್ತೇವೆ ಅಂದರೆ ಬಾಡಿಗೆಗೆ ಆಫೀಸು ಕೊಡುವವರು ಯಾರೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಲೇಸರಿನ ಬೆಲೆ ಕೇಳಿ ನಾವು ನೀರು ಕುಡಿದಿದ್ದೆವು. ಹಾಗಾಗಿ ಲೇಸರ್ ಎಲ್ಲಿದೆಯೋ ಅಲ್ಲಿಗೆ ನಾವೇ ಹೋಗುವುದು ಅಂತ ತೀರ್ಮಾನ. ಕ್ಯಾಂಪಸ್ ಪಾರ್ಕಿಗೆ ಅರ್ಜಿ ಹಾಕಿದ್ದರ ಹಿಂದೆ ಇದ್ದ ದೂರದೃಷ್ಟಿ ಇಷ್ಟೇ.

ಮೊದಲ ಅರ್ಜಿ ತಿರಸ್ಕೃತವಾಯಿತು. ಫಾರ್ಮಿನಲ್ಲಿ ಒಂದು ಪ್ರಶ್ನೆ ಇತ್ತು: 'ಬೇರೆಲ್ಲೂ ಮಾಡಲಾಗದ, ಇಲ್ಲಿ ಮಾತ್ರ ಮಾಡಬಲ್ಲ ಕೆಲಸ ಯಾವುದು?' ನಾವು ಅದಕ್ಕೆ ಅರ್ಧ ಪುಟ ಬರೆದಿದ್ದೆವು. ಜ್ಞಾನ ಪರಿಸರ, ಸಹಯೋಗ, ಪ್ರತಿಭೆಯ ಸಾಮೀಪ್ಯ, ಹೀಗೆ ಕೇಳಲು ಇಂಪಾದದ್ದೆಲ್ಲ ಅದರಲ್ಲಿತ್ತು. ಸಂದರ್ಶನಕ್ಕೆ ಕೂತಿದ್ದ ಹಿರಿಯ ಪ್ರೊಫೆಸರ್ ಒಬ್ಬರು ಕನ್ನಡಕ ಹಣೆಗೇರಿಸಿ ಕೇಳಿದರು:

"ನಿಮಗೆ ನಮ್ಮ ಲ್ಯಾಬ್ ಬೇಕೋ, ನಮ್ಮ ವಿಳಾಸ ಬೇಕೋ?"

"ಲ್ಯಾಬ್ ಸರ್."

"ಯಾವ ಲ್ಯಾಬು? ಯಾವ ಯಂತ್ರ? ವಾರಕ್ಕೆ ಎಷ್ಟು ಗಂಟೆ? ಇದರಲ್ಲಿ ಒಂದೂ ಬರೆದಿಲ್ಲವಲ್ರೀ."

ಅವರು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆ ಕಟ್ಟಡದಲ್ಲೇ ಬೋರ್ಡ್ ಇದ್ದು ಜನ ಇಲ್ಲದ ಕೋಣೆಗಳು ಎಷ್ಟೋ ಇದ್ದವು ಅಂತ ಆಮೇಲೆ ಗೊತ್ತಾಯಿತು. ವಿಸಿಟಿಂಗ್ ಕಾರ್ಡಿನಲ್ಲಿ ವಿಶ್ವವಿದ್ಯಾಲಯದ ಹೆಸರು ಬಂದರೆ ಸಾಕು ಅನ್ನುವವರಿಗೆ ಇಂಥ ಪಾರ್ಕು ಸುಲಭದ ದಾರಿ. ಎರಡನೇ ಸಲ ನಾವು ಎರಡೇ ಸಾಲು ಬರೆದೆವು: ಎಕ್ಸೈಮರ್ ಲೇಸರ್ ವಾರಕ್ಕೆ ಹನ್ನೆರಡು ಗಂಟೆ, ಫ್ಯೂಷನ್ ಸ್ಪ್ಲೈಸರ್ (ಗಾಜಿನ ಎಳೆಗಳನ್ನು ಕರಗಿಸಿ ಬೆಸೆಯುವ ಯಂತ್ರ) ಆರು ಗಂಟೆ; ಬದಲಿಗೆ ನಮ್ಮ ಇಂಟರಾಗೇಟರ್ (ವಾಪಸ್ ಬಂದ ಬೆಳಕಿನ ತರಂಗಾಂತರ ಓದುವ ಯಂತ್ರ) ಅವರ ವಿದ್ಯಾರ್ಥಿಗಳ ಬಳಕೆಗೆ. ಹದಿನೈದು ದಿನಕ್ಕೆ ಒಪ್ಪಿಗೆ ಬಂತು.

ಮುಂದೆ ಲೀಸಿನ ಕಾಗದ. ಮಾಮೂಲು ಬಾಡಿಗೆ ಕರಾರು ಓದಿ ಅಭ್ಯಾಸವಿದ್ದ ನಮಗೆ ಇದು ವಿಚಿತ್ರವಾಗಿ ಕಂಡಿತು. ಇನ್ನೊಬ್ಬರಿಗೆ ಒಳಬಾಡಿಗೆ ಕೊಡುವಂತಿಲ್ಲ, ಕಂಪನಿಯ ಕೆಲಸ ಬದಲಾದರೆ ಮತ್ತೆ ಅನುಮತಿ, ಕಂಪನಿ ಮಾರಾಟವಾದರೆ ಹೊಸ ಮಾಲೀಕರು ಮತ್ತೆ ಸಂದರ್ಶನಕ್ಕೆ ಬರಬೇಕು. ಎಸ್ಟೇಟ್ ಆಫೀಸಿನವರನ್ನು ಕೇಳಿದೆ. "ಜಮೀನು ಓದಿಸೋದಕ್ಕೆ ಅಂತ ಸಿಕ್ಕಿದ್ದು. ಅಂಗಡಿ ಇಡೋದಕ್ಕಲ್ಲ. ಲೆಕ್ಕ ಕೊಡಬೇಕಲ್ಲ ನಾವು," ಅಂದರು.

ಈ ಗಂಟು ಬಹಳ ಹಳೆಯದು. ಇಂಥ ಪಾರ್ಕುಗಳ ಮೂಲಪುರುಷ ಅಂತ ಎಲ್ಲರೂ ಬೊಟ್ಟು ಮಾಡುವ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪಾರ್ಕ್ ಹುಟ್ಟಿದ್ದೇ ಈ ಗಂಟಿನಿಂದ. ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ದಂಪತಿ 1885ರಲ್ಲಿ ದಾನಪತ್ರ ಬರೆದಾಗ ಕೊಟ್ಟ ಜಮೀನನ್ನು ಎಂದೂ ಮಾರಕೂಡದು ಅಂತ ಷರತ್ತು ಹಾಕಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ವಿಶ್ವವಿದ್ಯಾಲಯದ ಕೈಯಲ್ಲಿ ಸಾವಿರಾರು ಎಕರೆ ಇತ್ತು, ದುಡ್ಡಿರಲಿಲ್ಲ. ಮಾರುವಂತಿಲ್ಲ ಅಂದಮೇಲೆ ಉಳಿದದ್ದು ಲೀಸು. 1951ರಲ್ಲಿ ಕೈಗಾರಿಕಾ ಪಾರ್ಕ್ ಶುರುವಾಯಿತು. ಅದನ್ನು ಬರೀ ಬಾಡಿಗೆಯ ಮೂಲವಾಗಿ ನೋಡದೆ, ವಿಶ್ವವಿದ್ಯಾಲಯದ ಕೆಲಸಕ್ಕೆ ಹೊಂದುವ ಕಂಪನಿಗಳನ್ನೇ ಆರಿಸಿ ತರಬೇಕು ಅಂತ ಪಟ್ಟು ಹಿಡಿದವರು ಎಂಜಿನಿಯರಿಂಗಿನ ಫ್ರೆಡರಿಕ್ ಟರ್ಮನ್. ಮೊದಲ ಬಾಡಿಗೆದಾರ ವೇರಿಯನ್ ಅಸೋಸಿಯೇಟ್ಸ್. ಟರ್ಮನ್ನರ ಇಬ್ಬರು ಹಳೆಯ ವಿದ್ಯಾರ್ಥಿಗಳು ಕಟ್ಟಿದ್ದ ಹ್ಯೂಲೆಟ್-ಪ್ಯಾಕರ್ಡ್ ಕೂಡ ಅಲ್ಲಿಗೇ ಬಂತು. ಇಂಗ್ಲೆಂಡಿನ ಕೇಂಬ್ರಿಜ್ ಸೈನ್ಸ್ ಪಾರ್ಕಿನ ಕಥೆಯೂ ಜಮೀನಿನದೇ. ಟ್ರಿನಿಟಿ ಕಾಲೇಜಿಗೆ ಸೇರಿದ ಆ ನೆಲವನ್ನು ಯುದ್ಧದ ಹೊತ್ತಿಗೆ ಸೈನ್ಯ ಬಳಸಿ, ಕೊನೆಗೆ ಅದು ಪಾಳು ಬಿದ್ದಿತ್ತು. 1970ರಲ್ಲಿ ಕಾಲೇಜು ಅದನ್ನು ಪಾರ್ಕ್ ಮಾಡಲು ಹೊರಟಿತು.

ನಮ್ಮ ಲೀಸಿನಲ್ಲಿ ಇನ್ನೊಂದು ಬಾಲ ಇತ್ತು: ಅಂಕ. ಜಾಗ ಎಷ್ಟು ಹಿಡಿದಿದ್ದೀರೋ ಅದಕ್ಕೆ ತಕ್ಕಷ್ಟು ಅಂಕವನ್ನು ವರ್ಷವರ್ಷ ಗಳಿಸಬೇಕು. ವಿದ್ಯಾರ್ಥಿಗೆ ಇಂಟರ್ನ್‌ಶಿಪ್ ಕೊಟ್ಟರೆ ಇಷ್ಟು, ಪ್ರೊಫೆಸರರ ಜೊತೆ ಜಂಟಿ ಸಂಶೋಧನೆ ಮಾಡಿದರೆ ಇಷ್ಟು, ನಮ್ಮ ನೌಕರ ಅಲ್ಲೇ ಪಿಎಚ್‌ಡಿಗೆ ಸೇರಿದರೆ ಇಷ್ಟು. 2010ರಲ್ಲಿ ಶುರುವಾದ ಐಐಟಿ ಮದ್ರಾಸಿನ ರಿಸರ್ಚ್ ಪಾರ್ಕಿನಲ್ಲೂ ಇಂಥ ಅಂಕ ಪದ್ಧತಿ ಇದೆ. ಮೊದಲ ಸಲ ಓದಿದಾಗ ನನ್ನ ಪಾಲುದಾರ, "ಶಾಲೆ ಬಿಟ್ಟು ಇಷ್ಟು ವರ್ಷ ಆದ್ಮೇಲೆ ಮತ್ತೆ ಮಾರ್ಕ್ಸ್ ಕಾರ್ಡಾ ಮಾರಾಯಾ!" ಅಂತ ತಲೆ ಚಚ್ಚಿಕೊಂಡ. ನನಗೆ ಮಾತ್ರ ಅದು ಹಿಡಿಸಿತು. ಬೋರ್ಡ್ ನೇತುಹಾಕಿ ನಾಪತ್ತೆಯಾಗುವವರನ್ನು ಹೊರಗಿಡಲು ಇದಕ್ಕಿಂತ ಒಳ್ಳೆಯ ಜರಡಿ ನನಗಂತೂ ಹೊಳೆಯುವುದಿಲ್ಲ.

ಲೀಸಿಗೆ ಸಹಿ ಹಾಕಿ ಒಳಗೆ ಬಂದೆವು. ಲ್ಯಾಬ್ ಒಪ್ಪಂದ 'ಒಂದೆರಡು ವಾರದ ಮಾತು' ಅಂದಿದ್ದರು. ಅಲ್ಲಿಂದ ಏಳು ತಿಂಗಳು.

ಕರಡು ನಮ್ಮಿಂದ ಅವರ ಕಾನೂನು ವಿಭಾಗಕ್ಕೆ, ಅಲ್ಲಿಂದ ವಿಭಾಗದ ಮುಖ್ಯಸ್ಥರಿಗೆ, ಅಲ್ಲಿಂದ ಹಣಕಾಸಿಗೆ, ಮತ್ತೆ ನಮ್ಮಲ್ಲಿಗೆ. ಒಬ್ಬೊಬ್ಬರದೂ ಒಂದೊಂದು ಬಣ್ಣದ ತಿದ್ದುಪಡಿ. ನಾಲ್ಕನೇ ಸುತ್ತಿಗೆ ಬಂದಾಗ ಕಾಗದ ಹೋಳಿ ಆಡಿ ಬಂದ ಹಾಗಿತ್ತು. ನಿಜವಾದ ಜಗಳ ಇದ್ದದ್ದು ಎರಡೇ ಕಲಮುಗಳಲ್ಲಿ.

ಒಂದು, ಯಾರ ತಲೆಯಿಂದ ಬಂದದ್ದು ಯಾರದು ಅನ್ನುವುದು. ಬರುವಾಗಲೇ ನಮ್ಮ ಕೈಯಲ್ಲಿದ್ದ ಅಲ್ಗಾರಿದಮ್, ಎಳೆಯನ್ನು ಲೋಹಕ್ಕೆ ಅಂಟಿಸುವ ವಿಧಾನ ನಮ್ಮದು. ಇದರಲ್ಲಿ ತಕರಾರಿಲ್ಲ. ಆದರೆ ಅವರ ಲ್ಯಾಬಿನಲ್ಲಿ, ಅವರ ಲೇಸರಿನಲ್ಲಿ, ನಮ್ಮ ಹುಡುಗ ಹೊಸದೇನನ್ನೋ ಕಂಡುಹಿಡಿದರೆ? ಅವರ ಕರಡಿನಲ್ಲಿ ಯಂತ್ರ ಮುಟ್ಟಿದರೂ ಸಾಕು, ಅರ್ಧ ಪಾಲು. ನಮ್ಮ ವಾದ: ಗಂಟೆಗೆ ಇಷ್ಟು ಅಂತ ಶುಲ್ಕ ಕಟ್ಟಿ ಬಳಸುವ ಯಂತ್ರಕ್ಕೆ ಪಾಲು ಯಾಕೆ? ಟೈಲರ್ ಅಂಗಡಿಯ ಹೊಲಿಗೆ ಯಂತ್ರ ಬಾಡಿಗೆಗೆ ತಂದರೆ ಅಂಗಿ ಅವರದಾಗುತ್ತದೆಯೇ?

ಈ ಅರ್ಧ ಪಾಲಿನ ವಿಷಯದಲ್ಲಿ ನನ್ನ ಪಾಲುದಾರ ಎಲ್ಲಿಂದಲೋ ಒಂದು ಕಥೆ ಓದಿಕೊಂಡು ಬಂದ. 1937ರಲ್ಲಿ ರಸೆಲ್ ಮತ್ತು ಸಿಗರ್ಡ್ ವೇರಿಯನ್ ಅಣ್ಣತಮ್ಮಂದಿರು ಸ್ಟ್ಯಾನ್‌ಫರ್ಡಿನ ಭೌತವಿಜ್ಞಾನ ವಿಭಾಗಕ್ಕೆ ಬಂದಾಗ ಸಂಬಳ ಇರಲಿಲ್ಲ. ಲ್ಯಾಬ್ ಬಳಸಬಹುದು, ಸಾಮಗ್ರಿಗೆ 100 ಡಾಲರ್, ಬದಲಿಗೆ ಪೇಟೆಂಟಿನಿಂದ ಏನು ಬಂದರೂ ವಿಶ್ವವಿದ್ಯಾಲಯಕ್ಕೆ ಅರ್ಧ. ಅಲ್ಲಿ ಅವರು ಮಾಡಿದ್ದು ಕ್ಲೈಸ್ಟ್ರಾನ್, ರೇಡಾರಿಗೂ ಮುಂದೆ ಕಣವೇಗವರ್ಧಕಗಳಿಗೂ ಬೇಕಾದ ಮೈಕ್ರೋವೇವ್ ಕೊಳವೆ. ಆಮೇಲೆ ಪಾರ್ಕಿನ ಮೊದಲ ಬಾಡಿಗೆದಾರರಾದದ್ದೂ ಅವರ ಕಂಪನಿಯೇ. "ನೋಡು, ಅವರೇ ಅರ್ಧ ಕೊಟ್ಟಿದ್ದಾರೆ," ಅಂದ. "ಅವರು ಶುಲ್ಕ ಕಟ್ಟಿರಲಿಲ್ಲ," ಅಂದೆ. ಕೊನೆಗೆ ನಿಂತದ್ದು ಇಲ್ಲಿ: ಶುಲ್ಕ ಕಟ್ಟಿ ನಾವೊಬ್ಬರೇ ಮಾಡಿದ ಕೆಲಸ ನಮ್ಮದು. ಪ್ರೊಫೆಸರೋ ವಿದ್ಯಾರ್ಥಿಯೋ ತಲೆ ಹಾಕಿ ಮಾಡಿದ್ದು ಜಂಟಿ, ಪೇಟೆಂಟಿನ ಖರ್ಚು ನಮ್ಮದು, ಮೊದಲು ಲೈಸೆನ್ಸ್ ಕೇಳುವ ಹಕ್ಕೂ ನಮ್ಮದು.

ಎರಡನೆಯದು ಪ್ರಕಟಣೆ. ಅವರು ಬರೆಯಬೇಕು, ನಾವು ಬಾಯಿ ಮುಚ್ಚಿಕೊಂಡಿರಬೇಕು. ಎರಡೂ ಕಡೆಯವರ ಅನ್ನ ಇರುವುದು ಅದರಲ್ಲೇ. ಪ್ರಬಂಧ ಕಳಿಸುವ ಮುಂಚೆ 60 ದಿನ ನಮಗೆ ತೋರಿಸಬೇಕು, ಅಷ್ಟರೊಳಗೆ ನಾವು ಪೇಟೆಂಟ್ ಅರ್ಜಿ ಹಾಕಿಕೊಳ್ಳಬೇಕು, ಆಮೇಲೆ ತಡೆಯುವ ಹಾಗಿಲ್ಲ ಅಂತ ಒಪ್ಪಂದವಾಯಿತು. ಕಾಗದದ ಮೇಲೆ ಎಲ್ಲ ಸಲೀಸಾಗಿ ಕಂಡಿತ್ತು.

ಒಪ್ಪಂದವಾಗಿ ಐದು ತಿಂಗಳಿಗೆ, ಒಂದು ಮಧ್ಯಾಹ್ನ, ವಿಭಾಗದ ಕಾರಿಡಾರಿನಲ್ಲಿ ನೋಟಿಸ್ ಬೋರ್ಡ್ ನೋಡುತ್ತ ನಿಂತಿದ್ದೆ. ಶುಕ್ರವಾರ ವಿಭಾಗದ ಪೋಸ್ಟರ್ ಪ್ರದರ್ಶನ, ಎಲ್ಲರಿಗೂ ಸ್ವಾಗತ. ಕೆಳಗೆ ಶೀರ್ಷಿಕೆಗಳ ಪಟ್ಟಿ. ಏಳನೆಯದು ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿಯದು, ಮತ್ತು ಆ ಶೀರ್ಷಿಕೆಯಲ್ಲೇ ನಮ್ಮ ಅಂಟಿಸುವ ವಿಧಾನದ ಹೊಸ ಸುಧಾರಣೆ ಮುಕ್ಕಾಲು ಭಾಗ ಬಯಲಾಗಿತ್ತು. ಅಂದು ಮಂಗಳವಾರ.

ಪ್ರಬಂಧಕ್ಕೆ 60 ದಿನ ಅಂತ ಬರೆದಿದ್ದೆವು. ಪೋಸ್ಟರ್ ಅನ್ನುವ ಪದವೇ ಕರಾರಿನಲ್ಲಿ ಇರಲಿಲ್ಲ. ಆದರೆ ಪೇಟೆಂಟಿನ ಕಣ್ಣಿಗೆ ಎಲ್ಲ ಒಂದೇ: ಗುಟ್ಟು ಕಾಯುವ ಕರಾರಿಲ್ಲದ ಜನರೆದುರು ಇಟ್ಟರೆ ಬಹಿರಂಗವಾದ ಹಾಗೆ. ಅಮೆರಿಕದಲ್ಲಿ ಸಂಶೋಧಕರೇ ಬಯಲು ಮಾಡಿದ್ದರೆ ಅರ್ಜಿ ಹಾಕಲು ಒಂದು ವರ್ಷದ ವಿನಾಯಿತಿ ಉಂಟು. ಯುರೋಪಿನಲ್ಲಿ ಅಂಥ ದಾಕ್ಷಿಣ್ಯವಿಲ್ಲ, ಅರ್ಜಿಗೆ ಒಂದು ದಿನ ಮುಂಚೆ ತೋರಿಸಿದರೂ ಹೊಸತನ ಹೋಯಿತು. ನಮ್ಮ ಗಿರಾಕಿಗಳು ಇದ್ದದ್ದು ಯುರೋಪಿನಲ್ಲೇ.

ಆಕೆಯ ಮೇಜಿನ ಹತ್ತಿರ ಹೋಗಿ ಪೋಸ್ಟರ್ ಹಿಂತೆಗೆದುಕೊಳ್ಳಲು ಆಗುತ್ತದೆಯೇ ಅಂತ ಕೇಳಿದೆ. ಕೇಳಿದ ಧಾಟಿ ಸರಿ ಇರಲಿಲ್ಲ ಅಂತ ಈಗ ಅನ್ನಿಸುತ್ತದೆ.

"ಸರ್, ನಿಮಗೆ ಇದು ಪ್ರಾಡಕ್ಟು. ನನಗೆ ಮೂರನೇ ಅಧ್ಯಾಯ," ಅಂದಳು. "ಪೋಸ್ಟರ್ ಹಾಕದಿದ್ರೆ ಈ ಸೆಮಿಸ್ಟರಿನ ಪ್ರಗತಿ ವರದಿಗೆ ಏನು ಬರೀಲಿ? ಗೈಡ್ ಕೇಳಿದ್ರೆ ಪಾರ್ಕಿನವರು ಬೇಡ ಅಂದ್ರು ಅಂತ ಹೇಳ್ಲಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಆಕೆಯೇ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, "ಬರೆದದ್ದೆಲ್ಲ ಇಲ್ಲಿದೆ, ಚಿತ್ರಗಳೂ ಇವೆ. ಅರ್ಜಿ ಹಾಕಿ. ಗುರುವಾರ ಸಂಜೆವರೆಗೆ ಪ್ರಿಂಟಿಗೆ ಕೊಡಲ್ಲ," ಅಂದಳು.

ಎರಡು ದಿನ ಎರಡು ರಾತ್ರಿ. ಪ್ರಾವಿಷನಲ್, ಅಂದರೆ ತಾತ್ಕಾಲಿಕ ಪೇಟೆಂಟ್ ಅರ್ಜಿಯಲ್ಲಿ ಹಕ್ಕುಗಳನ್ನೆಲ್ಲ ಅಚ್ಚುಕಟ್ಟಾಗಿ ಬರೆದಿರಬೇಕಾಗಿಲ್ಲ. ಕಂಡುಹಿಡಿದದ್ದು ಏನು ಅಂತ ವಿವರವಾಗಿ ಬರೆದು ಹಾಕಿದರೆ ಆ ದಿನಾಂಕ ನಮ್ಮದಾಗುತ್ತದೆ, ಪೂರ್ತಿ ಅರ್ಜಿಗೆ 12 ತಿಂಗಳು ಸಮಯ. ವಿವರ ಅರೆಬರೆಯಾಗಿದ್ದರೆ ಮಾತ್ರ ದಿನಾಂಕ ಇದ್ದೂ ಇಲ್ಲದ ಹಾಗೆ, ಬರೆಯದೇ ಬಿಟ್ಟದ್ದಕ್ಕೆ ಅದು ರಕ್ಷೆ ಕೊಡುವುದಿಲ್ಲ. ಹಾಗಾಗಿ ಆಕೆಯ ಮೂರನೇ ಅಧ್ಯಾಯದ ಕರಡನ್ನು ಒಂದು ಸಾಲೂ ಬಿಡದೆ ಅದರೊಳಗೆ ಸೇರಿಸಿದೆವು. ಗುರುವಾರ ಮಧ್ಯಾಹ್ನ ಮೂರೂವರೆಗೆ ಅರ್ಜಿಯ ಸಂಖ್ಯೆ ಬಂತು, ನಾಲ್ಕಕ್ಕೆ ಆಕೆ ಪ್ರಿಂಟಿಗೆ ಕೊಟ್ಟಳು. ಸಂಶೋಧಕರ ಹೆಸರಿನಲ್ಲಿ ಮೊದಲನೆಯದು ಆಕೆಯದು. ಶುಕ್ರವಾರ ಪೋಸ್ಟರ್ ನೋಡಲು ಬಂದವರು, ನಾನು ಕಂಡ ಹಾಗೆ, ಒಂಬತ್ತು ಜನ. ಕರಾರಿಗೆ ಆಮೇಲೆ ಒಂದು ಸಾಲು ಸೇರಿಸಿದೆವು: ಪ್ರಬಂಧ, ಪೋಸ್ಟರ್, ಸೆಮಿನಾರ್, ಮೌಖಿಕ ಪರೀಕ್ಷೆ, ಎಲ್ಲಕ್ಕೂ ಅನ್ವಯ. ಆ ಒಂದು ಸಾಲಿಗೆ ಮತ್ತೆ ಆರು ವಾರ.

ಇನ್ನು ಆ ಕಟ್ಟಡ. ಹೊರಗಿನಿಂದ ಗಾಜು, ಒಳಗೆ ಗ್ರಾನೈಟ್, ಲಿಫ್ಟಿನಲ್ಲಿ ಪರದೆ. ನೋಡಲು ಲ್ಯಾಬಿಗಿಂತ ಬಹಳ ಚಂದ. ಮೂರನೇ ಮಹಡಿಯ ನಮ್ಮ ಕೋಣೆಯಲ್ಲಿ ಪರೀಕ್ಷೆಯ ಸೆಟಪ್ ಹಾಕಿ ರಾತ್ರಿಯಿಡೀ ಓಡಲು ಬಿಟ್ಟೆವು. ಬೆಳಿಗ್ಗೆ ಬಂದು ಗ್ರಾಫ್ ನೋಡಿದರೆ ರಾತ್ರಿ ಎಂಟು ದಾಟಿ ಹತ್ತು ನಿಮಿಷಕ್ಕೆ ತರಂಗಾಂತರದ ಗೆರೆ ಮೇಲಕ್ಕೆ ಎದ್ದು, ಸುಮಾರು 40 ಪಿಕೋಮೀಟರ್ (ಒಂದು ಪಿಕೋಮೀಟರ್ ಅಂದರೆ ನ್ಯಾನೋಮೀಟರಿನ ಸಾವಿರದಲ್ಲೊಂದು ಪಾಲು) ಏರಿ, ಒಂದೆರಡು ಗಂಟೆಯಲ್ಲಿ ನಿಧಾನವಾಗಿ ಇಳಿದಿತ್ತು. ಮಾರನೇ ದಿನವೂ ಅಷ್ಟೇ. ಮೂರನೇ ದಿನವೂ. ನಾವು ಹುಡುಕುತ್ತಿದ್ದ ಬಿರುಕಿನ ಸುಳಿವು ನಾಲ್ಕೈದು ಪಿಕೋಮೀಟರಿನದು. ಅದು ಈ ದಿಬ್ಬದಡಿ ಹೂತೇ ಹೋಗುತ್ತಿತ್ತು.

ಹನ್ನೊಂದು ದಿನ ತಲೆಕೆಡಿಸಿಕೊಂಡೆವು. ಕನೆಕ್ಟರ್ ಒರೆಸಿದೆವು, ಬದಲಾಯಿಸಿದೆವು, ಸಾಫ್ಟ್‌ವೇರಿನ ಮೇಲೆ ಗುಮಾನಿ ಪಟ್ಟೆವು, ಇಂಟರಾಗೇಟರ್ ಮಾರಿದವರಿಗೆ ಉದ್ದದ ಮೇಲ್ ಬರೆದೆವು. ಶಾಖದಿಂದ ತರಂಗಾಂತರ ಜರುಗುತ್ತದೆ ಅಂತ ನಮಗೆ ಗೊತ್ತಿರಲಿಲ್ಲ ಅಂತಲ್ಲ. ಬರಿಯ ಎಳೆಗೆ ಡಿಗ್ರಿಗೆ ಸುಮಾರು 10 ಪಿಕೋಮೀಟರ್, ಲೋಹಕ್ಕೆ ಅಂಟಿಸಿದರೆ ಲೋಹ ಹಿಗ್ಗುವುದೂ ಸೇರಿ ಅದರ ಎರಡು ಮೂರು ಪಟ್ಟು, ಅಲ್ಯೂಮಿನಿಯಂ ಆದರೆ ಇನ್ನೂ ಹೆಚ್ಚು. ಅದನ್ನು ಕಳೆಯಲೆಂದೇ ಪಕ್ಕದಲ್ಲಿ ರೆಫರೆನ್ಸ್ ಅಂತ ಇನ್ನೊಂದು ಗ್ರೇಟಿಂಗ್ ಇಟ್ಟಿದ್ದೆವು. ಹಾಗಾಗಿಯೇ ಶಾಖದ ಕಡೆ ನಾವು ತಿರುಗಿಯೂ ನೋಡಲಿಲ್ಲ.

ಫೋಟೋನಿಕ್ಸ್ ಲ್ಯಾಬಿನ ಟೆಕ್ನಿಷಿಯನ್ ಒಬ್ಬರಿದ್ದಾರೆ, ನಿವೃತ್ತಿಗೆ ಹತ್ತಿರದವರು. ಫೈಬರ್ ಕತ್ತರಿಸುವಾಗ ಉಸಿರು ಹಿಡಿಯುತ್ತಾರೆ, ಚೂರುಗಳನ್ನು ಟೇಪಿಗೆ ಅಂಟಿಸಿ ಡಬ್ಬಿಗೆ ಹಾಕುವವರೆಗೆ ಮಾತಾಡುವುದಿಲ್ಲ. ಸ್ಪ್ಲೈಸರ್ ವಾಪಸ್ ಒಯ್ಯಲು ನಮ್ಮಲ್ಲಿಗೆ ಬಂದವರು ಗ್ರಾಫ್ ನೋಡಿದರು. ಏನೂ ಹೇಳದೆ ಮೇಜಿನ ದಪ್ಪ ಉಕ್ಕಿನ ಹಲಗೆಯ ಮೇಲೆ ಅಂಗೈ ಇಟ್ಟರು. ಆಮೇಲೆ ಸೆನ್ಸರ್ ಅಂಟಿಸಿದ್ದ ತೆಳ್ಳನೆಯ ಅಲ್ಯೂಮಿನಿಯಂ ಪಟ್ಟಿಯ ಹತ್ತಿರ ಬೆರಳು ತಂದರು, ಮುಟ್ಟಲಿಲ್ಲ.

"ಎಂಟಕ್ಕೆ ಎಸಿ ನಿಲ್ಲಿಸ್ತಾರಲ್ವಾ ಇಲ್ಲಿ?"

ಹೌದು, ನಿಲ್ಲಿಸುತ್ತಿದ್ದರು. ಕಟ್ಟಡದ ಸೆಂಟ್ರಲ್ ಎಸಿ ಆಫೀಸಿನ ಹೊತ್ತಿನದು. ಲೀಸಿನ ಅನುಬಂಧದಲ್ಲಿ ಬರೆದಿತ್ತು, ನಾವು ಓದಿರಲಿಲ್ಲ.

"ಈ ಪಟ್ಟಿ ಹತ್ತು ನಿಮಿಷದಲ್ಲಿ ಬಿಸಿ ಆಗುತ್ತೆ. ನಿಮ್ಮ ರೆಫರೆನ್ಸು ಈ ಕಬ್ಬಿಣದ ಮೇಲಿದೆ, ಇದಕ್ಕೆ ಗಂಟೆಗಟ್ಟಲೆ ಬೇಕು. ಎರಡೂ ಒಂದೇ ಹೊತ್ತಿಗೆ ಬಿಸಿ ಆದ್ರೆ ತಾನೇ ಕಳೆಯೋಕೆ ಬರೋದು?"

ಅಷ್ಟೇ. ರೆಫರೆನ್ಸ್ ಗ್ರೇಟಿಂಗನ್ನು ಅಂಥದೇ ತೆಳ್ಳನೆಯ ಪಟ್ಟಿಗೆ ಅಂಟಿಸಿ, ಎರಡರ ಮೇಲೂ ಒಂದೇ ಥರ್ಮೋಕೋಲ್ ಡಬ್ಬಿ ಮುಚ್ಚಿದೆವು. ಅವತ್ತು ರಾತ್ರಿ ಗೆರೆ ಅಲುಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಮೂರು ಪಿಕೋಮೀಟರ್ ಅಲುಗಿತು. ಅದನ್ನೂ ಇಳಿಸಲು ಇನ್ನೆರಡು ವಾರ ಬೇಕಾಯಿತು.

ಪಾರ್ಕಿಗೂ ವಿಶ್ವವಿದ್ಯಾಲಯಕ್ಕೂ ಗಡಿಯಾರವೇ ಬೇರೆ ಅಂತ ನನಗೆ ಮನವರಿಕೆಯಾದದ್ದು ಹೀಗೆ. ಪಾರ್ಕ್ ಸಂಜೆ ಮಲಗುತ್ತದೆ, ಲ್ಯಾಬ್ ಸಂಜೆ ಏಳುತ್ತದೆ. ಕಂಪನಿಗೆ ಮೂರು ತಿಂಗಳಿಗೊಮ್ಮೆ ಲೆಕ್ಕ, ಅಲ್ಲಿ ಸೆಮಿಸ್ಟರ್. ಪರೀಕ್ಷೆ ಬಂತೆಂದರೆ ಇಂಟರ್ನ್ ಹುಡುಗರು ಮಂಗಮಾಯ, ರಜೆ ಬಂತೆಂದರೆ ಲೇಸರ್ ರಿಪೇರಿಗೆ ಹೋಗುತ್ತದೆ, ನಮ್ಮ ಗಿರಾಕಿಯ ಗಡುವು ಸರಿಯಾಗಿ ಆ ಎರಡರ ನಡುವೆ ಬಂದು ಕೂರುತ್ತದೆ. ಈಗ ನಾವು ಆರ್ಡರ್ ಒಪ್ಪಿಕೊಳ್ಳುವ ಮುಂಚೆ ಶೈಕ್ಷಣಿಕ ಕ್ಯಾಲೆಂಡರ್ ತೆಗೆದು ನೋಡುತ್ತೇವೆ.

ಕೊರಳಲ್ಲಿ ಎರಡು ಐಡಿ ಕಾರ್ಡ್ ನೇತಾಡುತ್ತಿರುತ್ತವೆ. ಪಾರ್ಕಿನದು ನೀಲಿ, ವಿಭಾಗದ್ದು ಬಿಳಿ. ಮೊದಲ ಏಳು ತಿಂಗಳು ನೀಲಿ ಮಾತ್ರ ಇತ್ತು. ಲ್ಯಾಬಿನ ಬಾಗಿಲಿಗೆ ಅದನ್ನು ಹಿಡಿದರೆ ಕೆಂಪು ದೀಪ ಹತ್ತಿ ಸಣ್ಣಗೆ ಗುರ್ ಅನ್ನುತ್ತಿತ್ತು, ಒಳಗಿನಿಂದ ಯಾರಾದರೂ ಬಂದು ತೆರೆಯಬೇಕಿತ್ತು. ಹೆಚ್ಚಿನ ಸಲ ತೆರೆಯುತ್ತಿದ್ದವರು ಆ ಟೆಕ್ನಿಷಿಯನ್ನೇ.

ಮೊನ್ನೆ ನನ್ನ ಬಿಳಿ ಕಾರ್ಡಿಗೂ ಕೆಂಪು ದೀಪ ಹತ್ತಿತು. ಅದರ ಅವಧಿ ಸೆಮಿಸ್ಟರ್ ಮುಗಿಯುವವರೆಗೆ ಮಾತ್ರ. ನವೀಕರಣದ ಫಾರ್ಮ್ ತಂದು ಮೇಜಿನ ಮೇಲೆ ಇಟ್ಟಿದ್ದೇನೆ. ಮೂರು ಸಹಿ ಬೇಕು, ಅದರಲ್ಲಿ ಒಬ್ಬರು ರಜೆಯಲ್ಲಿದ್ದಾರೆ.